ಎಫ್-ಟು ಒತ್ತಿದ ಬೆರಳು

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಬಂತು. ಎತ್ತಿದ್ದು ನಾನು. ಆ ಕಡೆ ಪರೇಲಿನ ಆಸ್ಪತ್ರೆಯೊಂದರ ರಕ್ತನಿಧಿಯ ಕಸ್ತೂರಿಬಾಯಿ.

"ಬಿ ಗುಂಪಿನ ಬಾಟ್ಲಿಗೆ ನಿಮ್ಮ ಪ್ರೋಗ್ರಾಂ ಓ ಅಂತ ಚೀಟಿ ಹೊಡ್ಯಾಕತ್ತದ. ಟ್ರಯಲ್ ಅಂತ ಬಚಾವ್. ಇಲ್ಲಾಂದ್ರ ಯಾರದರ ಜೀವಾನ ಹೋಗ್ತಿತ್ತು. ಸಾಹೇಬ್ರಿಗೆ ಕೊಡ್ರಿ ಫೋನ್."

ನಾನು ಓಡಿಹೋಗಿ ಮಾಲೀಕರನ್ನು ಕರೆದೆ.

ನಾನು ಕೌಸಲ್ಯಾ. ಇದು ೧೯೯೦ರ ಮಾತು. ಸಯನ್ ಸ್ಟೇಷನ್ ಪಕ್ಕದ ಬಿಲ್ಡಿಂಗಿನಲ್ಲಿ ಮೂರನೇ ಮಹಡಿಯ ಕಂಪ್ಯೂಟರ್ ಆಫೀಸು. ಅಲ್ಲಿ ಫೋನ್ ಎತ್ತುವುದು, ಟೈಪ್ ಮಾಡುವುದು, ಎಲ್ಲರ ಬೈಗುಳ ತಿನ್ನುವುದು, ಮೂರೂ ನನ್ನ ಕೆಲಸ. ಮಾಲೀಕರು ರಾಮಸ್ವಾಮಿ. ರಕ್ತನಿಧಿಯ ಪ್ರೋಗ್ರಾಂ ಬರೆದವಳು ಪಂಕಜಾ, ಇಪ್ಪತ್ನಾಲ್ಕರ ಹುಡುಗಿ. ಹಿಂದಿನ ದಿನ ಸಂಜೆ ಅದನ್ನು ಫ್ಲಾಪಿಗೆ ಹಾಕಿ ಆಸ್ಪತ್ರೆಗೆ ಕಳಿಸಿದವಳೂ ಅವಳೇ.

ರಾಮಸ್ವಾಮಿಯವರು ಹದಿನೈದು ನಿಮಿಷದಲ್ಲಿ ತಪ್ಪು ಹಿಡಿದರು. ಒಂದೇ ಒಂದು ಸಾಲು. 'ಬಿ' ಇರಬೇಕಾದ ಕಡೆ 'ಓ'. ಫೈಲು ಕೊನೆಯ ಸಲ ಬದಲಾದದ್ದು ಗುರುವಾರ ಮಧ್ಯಾಹ್ನ ಒಂದು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ. ಪಂಕಜಾಳ ಮಷೀನಿನಲ್ಲೇ.

"ನಿನ್ನ ಮಷೀನು, ನಿನ್ನ ಫೈಲು. ಇನ್ನೇನಮ್ಮ ಹೇಳ್ತೀಯಾ?"

"ಸರ್, ಆ ಹೊತ್ತಿಗೆ ನಾನು ಸ್ಟೇಷನ್ನಲ್ಲಿ ರೈಲು ಪಾಸ್ ಮಾಡಿಸೋ ಲೈನಲ್ಲಿದ್ದೆ."

"ಯಾರು ನೋಡಿದ್ರು?"

ಇನ್ನೂರು ಜನ ನೋಡಿದ್ದರು. ಒಬ್ಬರ ಹೆಸರೂ ಅವಳಿಗೆ ಗೊತ್ತಿರಲಿಲ್ಲ. ಪಾಸಿನ ಮೇಲೆ ತಾರೀಖು ಇರುತ್ತದೆ, ಗಂಟೆ ಇರುವುದಿಲ್ಲ.

ರಾಮಸ್ವಾಮಿಯವರು ಅಷ್ಟಕ್ಕೇ ಆಸ್ಪತ್ರೆಗೆ ಫೋನ್ ಹಚ್ಚಿ, "ಪಂಕಜಾ ಅನ್ನೋ ಹುಡುಗಿ ಮಾಡಿದ್ದು, ಅವಳನ್ನ ತೆಗೀತಿದ್ದೀವಿ" ಎಂದುಬಿಟ್ಟರು. ಐದು ಗಂಟೆಗೆ ವಜಾ ಪತ್ರ, ಆಮೇಲೆ ಪೊಲೀಸ್ ಕಂಪ್ಲೇಂಟ್ ಎಂದೂ ಸಾರಿದರು. ರಕ್ತದ ಚೀಟಿ ತಿದ್ದಿದವಳು ಅಂತ ಒಮ್ಮೆ ಹೆಸರು ಕೆಟ್ಟರೆ ಈ ಊರಲ್ಲಿ ಅವಳಿಗೆ ಕಂಪ್ಯೂಟರ್ ಮುಟ್ಟಲು ಯಾರು ಬಿಡುತ್ತಾರೆ? ನಾನು ನೆಟ್ಟಗೆ ಕೆಳಗಿಳಿದು, ನಡೆದದ್ದೆಲ್ಲ ಹೇಳಿ ಟೀಚರನ್ನು ಕರೆತಂದೆ.

* * *

ಟೀಚರ್ ಅಂದರೆ ನೀಲಾವತಿ. ಉಡುಪಿ ಕಡೆಯವರು. ಅದೇ ಬಿಲ್ಡಿಂಗಿನ ಕೆಳಮಹಡಿಯಲ್ಲಿ ಇಪ್ಪತ್ತು ವರ್ಷದಿಂದ ಟೈಪಿಂಗ್ ಕ್ಲಾಸು. ಮೂವತ್ತು ಮಷೀನು ಒಟ್ಟಿಗೆ ಬಡಿಯುತ್ತಿದ್ದರೂ, ಬೆನ್ನು ಹಾಕಿ ನಿಂತು, "ಏಳನೆಯ ಹುಡುಗಿ, ಕಿರುಬೆರಳು ಎಂತಕ್ಕೆ ಎತ್ತಿದ್ದು?" ಎಂದು ಕೇಳುವ ಹೆಂಗಸು. ನನಗೂ ಬೆರಳ ಮೇಲೆ ಸ್ಕೇಲಿನ ಏಟು ಬಿದ್ದಿದೆ. ಆ ಬಿಲ್ಡಿಂಗಿನಲ್ಲಿ ಅವರ ಮಾತಿಗೆ ಎದುರಾಡುವವರಿರಲಿಲ್ಲ.

ಕಂಪ್ಯೂಟರ್ ಕೋಣೆಗೆ ಎ.ಸಿ. ಇತ್ತು. ದೇವರ ಮನೆಯ ಹಾಗೆ ಚಪ್ಪಲಿ ಹೊರಗೆ ಬಿಡಬೇಕು. ಟೀಚರ್ ಚಪ್ಪಲಿ ಬಿಟ್ಟು ಒಳಗೆ ಬಂದು, ಪಂಕಜಾಳ ಕೀಬೋರ್ಡಿನ ಹತ್ತಿರ ಬಗ್ಗಿ ಮೂಸಿದರು.

"ಬಂಗುಡೆ ಮೀನಿನ ಸಾರು. ನಿನ್ನೆ ಯಾರು ಊಟ ಮಾಡಿದ್ದು ಇಲ್ಲಿ?"

ಡೇಟಾ ಎಂಟ್ರಿಯ ಸೀನ ತಲೆ ತಗ್ಗಿಸಿದ. ಹೋದ ವಾರವೇ ಅವನಿಗೂ ಪಂಕಜಾಳಿಗೂ ಜಗಳವಾಗಿತ್ತು. ಅವನ ಎಂಟ್ರಿಯಲ್ಲಿ ನಲವತ್ತು ತಪ್ಪು ತೋರಿಸಿ ಅವಳು ಎಲ್ಲರೆದುರು ಹೇಳಿದ್ದಳು. ಇವನೇ ಸೈ ಅಂದುಕೊಂಡೆ ನಾನು.

"ಊಟ ಮಾಡಿದ್ದು ಹೌದು ಟೀಚರ್. ಹೊರಗೆ ಸೆಕೆ ಅಲ್ವಾ, ಇಲ್ಲಿ ಎ.ಸಿ. ಉಂಟು. ಆದ್ರೆ ಕಂಪ್ಯೂಟರ್ ಮುಟ್ಲಿಲ್ಲ, ದೇವರಾಣೆ!"

"ಎಷ್ಟು ಹೊತ್ತಿಗೆ ಎದ್ದದ್ದು?"

"ಒಂದು ಗಂಟೆಗೆ ಡಬ್ಬಿ ತೊಳೀಲಿಕ್ಕೆ ಹೋದೆ. ಆಮೇಲೆ ಕೆಳಗೆ ಚಾ."

"ಕೋಣೆಗೆ ಬೀಗ?"

ಬೀಗ ಹಾಕುವ ಪದ್ಧತಿಯೇ ಇರಲಿಲ್ಲ. ಆ ಹೊತ್ತಿಗೆ ನಾನು ಊಟಕ್ಕೆ ಉಡುಪಿ ಹೋಟೆಲಿಗೆ ಹೋಗಿದ್ದೆ, ರಾಮಸ್ವಾಮಿಯವರು ಕೆಲಸದ ಮೇಲೆ ಭಾಂಡುಪಿನ ಒಂದು ಫ್ಯಾಕ್ಟರಿಗೆ. ಉಳಿದವರು ಸೀನಿಯರ್ ಪ್ರೋಗ್ರಾಮರ್ ಬಸವಂತಪ್ಪ. ಧಾರವಾಡದವರು, ಎಂಟು ವರ್ಷದ ಸರ್ವೀಸು.

"ನಾ ಟೆರೇಸಿನ ಮ್ಯಾಲೆ ಸಿಗರೇಟ್ ಸೇದಾಕ ಹೋಗಿದ್ನ್ರೀ" ಎಂದರು ಅವರು.

ಅವರನ್ನೂ ಯಾರೂ ನೋಡಿರಲಿಲ್ಲ.

* * *

"ನಿನ್ನ ಈ ಪೆಟ್ಟಿಗೆಯಲ್ಲಿ ಬೇರೆಯವರಿಗೆ ಗೊತ್ತಿಲ್ಲದ್ದು ಎಂತಾದ್ರೂ ಉಂಟಾ ಮಗಾ?" ಸೀನನನ್ನೂ ಬಸವಂತಪ್ಪನವರನ್ನೂ ಹೊರಗೆ ಕಳಿಸಿ ಟೀಚರ್ ಪಂಕಜಾಳನ್ನು ಕೇಳಿದರು.

ಪಂಕಜಾ ಕಣ್ಣೊರೆಸಿಕೊಂಡಳು. "ಕೀಗಳು ಟೀಚರ್. ಎಡಿಟರಿನ ಕೀಗಳನ್ನ ನನ್ನ ಕೈಗೆ ಹೊಂದೋ ಹಾಗೆ ಬದಲಾಯಿಸ್ಕೊಂಡಿದ್ದೀನಿ."

ಇದನ್ನು ನಾನು ಬಿಡಿಸಿ ಹೇಳಬೇಕು. ಪ್ರೋಗ್ರಾಂ ಬರೆಯುವುದು ಎಡಿಟರ್ ಅನ್ನುವ ಸಾಧನದಲ್ಲಿ. ಯಾವ ಕೀ ಒತ್ತಿದರೆ ಯಾವ ಕೆಲಸ ಆಗಬೇಕು ಎಂದು ಅದಕ್ಕೆ ನಾವೇ ಹೇಳಿಕೊಡಬಹುದು. ಸಣ್ಣಪುಟ್ಟ ಹೊಸ ಕೆಲಸಗಳನ್ನೂ ಬರೆದು ಸೇರಿಸಬಹುದು. ಪಂಕಜಾಳಿಗೆ ಅದರ ಹುಚ್ಚು. ಉಳಿದವರೆಲ್ಲ ಕಂಪನಿಯಿಂದ ಬಂದ ಹಾಗೇ ಬಳಸುತ್ತಿದ್ದರು. "ಕೀ ಬದಲಾಯಿಸ್ಕೊಂಡು ಕೂತ್ಕೊ, ಕೆಲಸ ನಾನು ಮಾಡ್ತೀನಿ" ಎಂದು ರಾಮಸ್ವಾಮಿಯವರು ಹಂಗಿಸಿದ್ದೂ ಉಂಟು.

"ಎಲ್ಲರ ಮಷೀನಲ್ಲಿ ಎಫ್-ಟು ಕೀ ಒತ್ತಿದ್ರೆ ಸೇವ್ ಆಗತ್ತೆ," ಪಂಕಜಾ ಹೇಳಿದಳು. "ನನ್ನದ್ರಲ್ಲಿ ಸೇವ್‌ಗೆ ಆಲ್ಟ್ ಮತ್ತೆ ಎಸ್. ಎಫ್-ಟು ಒತ್ತಿದ್ರೆ ಫೈಲಿನ ಮೊದಲ ಪುಟದಲ್ಲಿ ತಾರೀಖು, ಗಂಟೆ ಬರೆದುಕೊಳ್ಳತ್ತೆ. ದಿನಾ ಸಂಜೆ ಕೆಲಸ ಮುಗಿದಾಗ ಒಂದು ಸಲ ಒತ್ತೋದು. ನೆನ್ನೆ ಮಧ್ಯಾಹ್ನಕ್ಕೆ ಮುಂಚೇನೇ ಕೆಲಸ ಮುಗಿದಿತ್ತು. ಸಂಜೆ ಫೈಲು ತೆರೆದೇ ನೋಡಲಿಲ್ಲ, ಎಫ್-ಟು ಒತ್ತಲೂ ಇಲ್ಲ, ಹಾಗೇ ಫ್ಲಾಪಿಗೆ ಹಾಕಿಬಿಟ್ಟೆ. ಅದೊಂದು ನನ್ನ ತಪ್ಪೇ."

"ಮೊದಲ ಪುಟ ಎಲ್ಲುಂಟು?"

ರಾಮಸ್ವಾಮಿಯವರು ಪ್ರಿಂಟ್ ತೆಗೆದದ್ದು ತಪ್ಪಿದ್ದ ಒಂಬತ್ತನೇ ಪುಟವನ್ನು ಮಾತ್ರ. ಈಗ ಪ್ರಿಂಟರ್ ಕಿರ್ರೋ ಎಂದು ಮೊದಲ ಪುಟ ಹೊರಹಾಕಿತು. ಸೋಮವಾರ ಸಂಜೆ, ಒಂದು ಸಾಲು. ಮಂಗಳವಾರ ಸಂಜೆ ಒಂದು. ಬುಧವಾರ ಒಂದು. ಗುರುವಾರ ಮಧ್ಯಾಹ್ನ ಮೂರು. ಮೂರೂ ಒಂದು ಗಂಟೆ ಇಪ್ಪತ್ತೊಂದು ನಿಮಿಷಕ್ಕೆ.

"ಅವಳೇ ಒತ್ತಿರಬಹುದಲ್ಲ?" ರಾಮಸ್ವಾಮಿ ಬಿಡಲಿಲ್ಲ.

"ಇರಬಹುದು ಮಾರಾಯ್ರೆ," ಎಂದರು ಟೀಚರ್. "ಬಾಯಿ ಸುಳ್ಳು ಹೇಳ್ತದೆ. ಬೆರಳಿಗೆ ಅದು ಬರುದಿಲ್ಲ. ನಿಮ್ಮ ಮಷೀನಲ್ಲಿ ಕೀಗಳು ಬಂದ ಹಾಗೇ ಉಂಟಲ್ಲ? ಅದನ್ನು ಹಾಕಿ. ಮೂವರ ಸ್ಪೀಡ್ ನೋಡ್ಲಿಕ್ಕುಂಟು."

* * *

ಸ್ಪೀಡ್ ಪರೀಕ್ಷೆ ಎಂದೇ ಎಲ್ಲರೂ ನಂಬಿದೆವು. ಟೀಚರ್ ಕೈಗಡಿಯಾರ ಬೇರೆ ಬಿಚ್ಚಿ ಹಿಡಿದರು. ಒಬ್ಬೊಬ್ಬರೇ ಒಳಗೆ ಬರಬೇಕು, ಐದು ಸಾಲು ಹೊಡೆಯಬೇಕು, ಸೇವ್ ಮಾಡಿ ಏಳಬೇಕು.

ಸೀನ ಮೊದಲು. ಹೊಡೆದ, ಎಫ್-ಟು ಒಮ್ಮೆ ಒತ್ತಿದ, ಎದ್ದ.

ಆಮೇಲೆ ಪಂಕಜಾ. ಐದು ಸಾಲು ಮುಗಿಯುತ್ತಲೇ ಎಡಗೈ ತಾನಾಗಿ ಆಲ್ಟ್ ಮತ್ತು ಎಸ್ ಒತ್ತಿತು. ಮಷೀನು ಬೀಪ್ ಎಂದಿತು. ಮತ್ತೆ ಒತ್ತಿದಳು. ಮತ್ತೆ ಬೀಪ್. "ಅಯ್ಯೋ, ಇದು ಸರ್ ಮಷೀನಲ್ವಾ" ಎಂದು ನಾಲಿಗೆ ಕಚ್ಚಿಕೊಂಡಳು.

ಕೊನೆಗೆ ಬಸವಂತಪ್ಪ. ಬೆರಳು ಚುರುಕು. ಐದು ಸಾಲು ಮುಗಿಸಿ ಎಫ್-ಟು ಒತ್ತಿದರು. ಟಕ್. ಟಕ್. ಟಕ್.

"ಮೂರು ಸಲ ಎಂತಕ್ಕೆ?" ಬೆನ್ನು ಹಾಕಿ ನಿಂತಿದ್ದ ಟೀಚರ್ ತಿರುಗಲೇ ಇಲ್ಲ.

"ರೂಢಿ ರೀ. ಒಮ್ಮೆ ಕರೆಂಟ್ ಹೋಗಿ ಇಡೀ ದಿನದ ಕೆಲಸ ಹಾಳಾಗಿತ್ತು. ಅವತ್ತಿಂದ ನನಗ ಒಂದ್ ಸಲಕ್ಕ ನಂಬಿಕಿ ಇಲ್ಲ."

ಹೇಳಿ ಮುಗಿಸಿದ ಮೇಲೆ ಅವರ ಕಣ್ಣು ಮೇಜಿನ ಮೇಲಿದ್ದ ಮೊದಲ ಪುಟದ ಆ ಮೂರು ಸಾಲಿನತ್ತ ಹೋಯಿತು. ಮುಖ ಕಪ್ಪಿಟ್ಟಿತು.

ಟೀಚರ್ ರಾಮಸ್ವಾಮಿಯವರ ಕಡೆ ತಿರುಗಿದರು. "ನೋಡಿ, ಈ ಹುಡುಗಿಗೆ ಅವಸರದಲ್ಲಿ ಕೈ ಹೋಗುವುದು ಆಲ್ಟ್-ಎಸ್‌ಗೆ. ಸೇವ್ ಮಾಡ್ಲಿಕ್ಕೆ ಎಫ್-ಟು ಒತ್ತುವವಳು ಅವಳಲ್ಲ. ಸೀನ ಒತ್ತಿದ್ದು ಒಂದೇ ಸಲ. ಅವಳ ಮಷೀನಲ್ಲಿ ಕೂತವನು ಸೇವ್ ಆಯ್ತು ಅಂತ ತಿಳಿದು ಮೂರು ಸಲ ಒತ್ತಿದ. ಅವನು ಒಂಬತ್ತನೇ ಪುಟದಲ್ಲಿ, ಬರವಣಿಗೆ ಬಿದ್ದದ್ದು ಮೊದಲ ಪುಟದಲ್ಲಿ. ಅವನಿಗೆ ಕಾಣಲಿಲ್ಲ. ಹೊರಗೆ ಬರುವಾಗ ಮಷೀನು 'ಉಳಿಸಲಾ?' ಅಂತ ಕೇಳಿರ್ತದೆ. ಹೂಂ ಅಂದ, ಎದ್ದ. ಒಂದು ಇಪ್ಪತ್ತೆರಡು."

"ಬಸವಂತಪ್ಪ?" ರಾಮಸ್ವಾಮಿಯವರ ದನಿ ಇಳಿದಿತ್ತು.

ಬಸವಂತಪ್ಪ ಒಮ್ಮೆಲೇ ಸಿಡಿದರು. "ಎಂಟು ವರ್ಷ ದುಡಿದೀನ್ರಿ ನಾ! ಆಸ್ಪತ್ರಿ ಕೆಲಸಕ್ಕ ನಿನ್ನೆ ಮೊನ್ನೆ ಬಂದ ಹುಡುಗಿನ್ನ ಹೆಡ್ ಮಾಡಿದ್ರಿ. ಟ್ರಯಲ್‌ನಾಗ ತಪ್ಪು ಬರ್ತದ, ನಾ ಹೋಗಿ ಹತ್ತು ಮಿನಿಟಿನಾಗ ಸರಿ ಮಾಡ್ತೀನಿ, ಆಗರ ನನ್ನ ಬೆಲಿ ಗೊತ್ತಾಗ್ತದ ಅಂತ... ಯಾರಿಗೂ ಏನೂ ಆಗಬಾರದು ಅಂತಾನ ಇತ್ತು."

"ಕಸ್ತೂರಿಬಾಯಿ ನೋಡದೇ ಇದ್ದಿದ್ರೆ?" ಪಂಕಜಾ ಕೇಳಿದಳು.

ಬಸವಂತಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗಿನ ಬೆಂಚಿನಲ್ಲಿ ತಲೆ ಹಿಡಿದು ಕೂತರು. ನನಗೆ ಪಾಪ ಅನ್ನಿಸಲಿಲ್ಲ, ಸುಳ್ಳೇಕೆ ಹೇಳಲಿ.

* * *

ರಾಮಸ್ವಾಮಿಯವರು ಕರ್ಚೀಫಿನಲ್ಲಿ ಮುಖ ಒರೆಸಿಕೊಂಡರು. "ಸರಿ ಪಂಕಜಾ, ಆಗಿದ್ದು ಆಯ್ತು. ಹೋಗಿ ಸೀಟಲ್ಲಿ ಕೂತ್ಕೊ. ಕೌಸಲ್ಯಾ, ಆಸ್ಪತ್ರೆಗೆ ಹಚ್ಚಿ. ಏನೋ ಟೆಕ್ನಿಕಲ್ ಎರರ್ ಆಗಿತ್ತು, ಸರಿಹೋಯ್ತು ಅಂತ ಹೇಳ್ತೀನಿ."

ನಾನು ನಂಬರು ತಿರುಗಿಸುತ್ತಿದ್ದೆ. ಪಂಕಜಾ ಕದಲಲಿಲ್ಲ.

"ಟೆಕ್ನಿಕಲ್ ಎರರ್ ಅಲ್ಲ ಸರ್."

"ಅಲ್ಲಮ್ಮ, ಆಫೀಸಿನ ಮರ್ಯಾದೆ..."

"ನನ್ನ ಮರ್ಯಾದೆ ತೆಗೆಯೋವಾಗ ಹೆಸರು ಹಿಡಿದು ಹೇಳಿದ್ರಿ. ಈಗ್ಲೂ ಹೆಸರು ಹಿಡಿದೇ ಹೇಳಿ."

ಅವಳ ಕಣ್ಣಲ್ಲಿ ನೀರು ಧಾರೆ. ಆದರೂ ನೆಟ್ಟಗೆ ನಿಂತಿದ್ದಳು. ಕಸ್ತೂರಿಬಾಯಿ ಫೋನ್ ಎತ್ತಿದರು. ನಾನು ರಿಸೀವರನ್ನು ರಾಮಸ್ವಾಮಿಯವರ ಮುಂದೆ ಹಿಡಿದೆ. ಅವರು ನನ್ನನ್ನು ನೋಡಿದರು, ಟೀಚರನ್ನು ನೋಡಿದರು. ಯಾರೂ ಸಹಾಯಕ್ಕೆ ಬರಲಿಲ್ಲ.

"ಮೇಡಂ," ಎಂದು ರಿಸೀವರ್ ತೆಗೆದುಕೊಂಡರು. "ಬೆಳಿಗ್ಗೆ ನಾನು ತಪ್ಪು ಹೇಳಿದೆ. ಪಂಕಜಾ ಅದನ್ನ ಮಾಡಿಲ್ಲ. ಅವಳು ಸರಿಯಾಗೇ ಬರೆದಿದ್ಲು. ಬೇಕು ಅಂತ ಕೆಡಿಸಿದ್ದು ನಮ್ಮ ಸೀನಿಯರ್, ಬಸವಂತಪ್ಪ. ವಿಚಾರಿಸದೆ ಹುಡುಗಿ ಮೇಲೆ ಹಾಕಿದ್ದು ನಾನು."

ಆ ಕಡೆಯಿಂದ ಕಸ್ತೂರಿಬಾಯಿ ಏನೋ ಕೇಳಿದರು. ರಾಮಸ್ವಾಮಿಯವರು ರಿಸೀವರನ್ನು ಪಂಕಜಾಳ ಕೈಗಿತ್ತರು.

"ಹ್ಞೂಂ ಮೇಡಂ, ನಾನೇ ಪಂಕಜಾ," ಎಂದಳು. "ಇಲ್ಲ, ಫ್ಲಾಪಿ ಬೇರೆಯವರ ಕೈಲಿ ಕಳಿಸಲ್ಲ. ಒಂದೊಂದು ಸಾಲೂ ಓದಿ, ನಾನೇ ತಗೊಂಡು ಬರ್ತೀನಿ."