ತಾನಾಗೇ ಮುಗಿಯೋ ಕೆಲಸ

"ಕೀಬೋರ್ಡಿಂದ ಕೈ ತೆಗಿ!"

ಸೆಕ್ಯುರಿಟಿಯವನ ಕೈ ನನ್ನ ಭುಜದ ಮೇಲೆ ಬಿತ್ತು. ಅವನ ಹಿಂದೆ, ಬಾಗಿಲು ತುಂಬ, ಆಸ್ಪತ್ರೆಯ ಆಡಳಿತಾಧಿಕಾರಿ. ಗರಿಗರಿ ಸೂಟು, ಕೆಂಡದಂಥ ಮುಖ.

ನಾನು ಕೈ ತೆಗೀಲಿಲ್ಲ.

ಯಾರು ನಾನು ಅಂತೀರಾ? ಆಸ್ಪತ್ರೆಗಳ ಸಾಫ್ಟ್‌ವೇರ್ ಸರಿ ಮಾಡೋಳು. ಇಲ್ಲಿ ಕರೆಸಿದ್ದು ಟಾಸ್ಕ್, ಅಂದ್ರೆ 'ಇದನ್ನ ತಕ್ಷಣ ನೋಡಿ' ಅನ್ನೋ ಸೂಚನೆ, ಸೆಟ್ ಮಾಡೋಕೆ. ಲ್ಯಾಬಿಂದ ಅಪಾಯದ ರಿಪೋರ್ಟ್ ಬಂತಾ? ಡಾಕ್ಟರ ಸ್ಕ್ರೀನಿನಲ್ಲಿ ಟಾಸ್ಕ್ ಏಳಬೇಕು. ಹದಿನೈದು ನಿಮಿಷ ಅವರು ನೋಡ್ಲಿಲ್ವಾ? ಹೆಡ್ ನರ್ಸ್‌ಗೆ ಹೋಗಬೇಕು.

ಆದ್ರೆ ಹಳೇ ರೂಲ್‌ಗಳನ್ನ ಕೆದಕಿದಾಗ ಒಂದು ಸಿಕ್ತು... ಎರಡು ಗಂಟೆ ಯಾರೂ ಮುಟ್ಟದ ಟಾಸ್ಕು 'ಮುಗಿದಿದೆ' ಅಂತ ತಾನೇ ಮುಚ್ಕೊಳ್ತಿತ್ತು! ಆ ರೂಲ್ ಹಾಕಿಸಿದ್ದು ಇದೇ ಸೂಟು.

"ನಾಳೆ ಇನ್‌ಸ್ಪೆಕ್ಷನ್. ಬಾಕಿ ಸೊನ್ನೆ ತೋರಿಸ್ಬೇಕು," ಅಂದ. "ಆ ರೂಲ್ ಮುಟ್ಟಿದ್ರೆ ಇನ್ಯಾವ ಆಸ್ಪತ್ರೆಯೂ ನಿನ್ನ ಒಳಗೆ ಬಿಡಲ್ಲ. ನಾನು ನೋಡ್ಕೊಳ್ತೀನಿ."

"ಇವತ್ತು ಮುಚ್ಚಿಹೋಗಿದ್ದರಲ್ಲಿ ಒಂದನ್ನ ಓದ್ತೀನಿ, ಕೇಳಿ. ಮೂರನೇ ವಾರ್ಡಿನ ಟೈಲರ್. ರಕ್ತದಲ್ಲಿ ಪೊಟ್ಯಾಸಿಯಂ ಏಳು ದಾಟಿದೆ."

ಪಕ್ಕದಲ್ಲಿದ್ದ ಹೆಡ್ ನರ್ಸ್ ಕೈಯಿಂದ ಫೈಲ್ ಜಾರಿತು.

"ಏಳಾ? ಹೃದಯ ಯಾವ ಕ್ಷಣಾನಾದ್ರೂ ನಿಲ್ಲಬಹುದು! ಅವರನ್ನ ಈಗ ತಾನೇ ಡಿಸ್ಚಾರ್ಜ್ ಮಾಡಿ ಕಳಿಸಿದ್ವಿ..."

ಎದ್ದೆ. ಭುಜದ ಮೇಲಿನ ಕೈ ಬಿಗೀತು.

"ಬಿಡಪ್ಪಾ ಅವಳನ್ನ," ಅಂದ್ರು ನರ್ಸ್. "ಇಲ್ಲಾಂದ್ರೆ ಆ ಸಾವು ನಿನ್ನ ತಲೆಗೂ ಸುತ್ಕೊಳ್ಳುತ್ತೆ."

ಬಿಟ್ಟ!

ಲಿಫ್ಟ್ ಎಲ್ಲೋ ಮೇಲಿತ್ತು. ಮೆಟ್ಟಿಲು ಎರಡೆರಡಾಗಿ ಹಾರಿದೆ. ಊಟದ ಟ್ರಾಲಿಗೆ ಮೊಣಕಾಲು ಬಡೀತು. ಹಿಂದೆ ನರ್ಸಕ್ಕನ ಕೂಗು: "ಅಪ್ಪ ಮಗಳು ಟ್ಯಾಕ್ಸಿ ಹತ್ತಿರ್ತಾರೆ! ಗೇಟ್ ಹಾಕ್ರೋ!"

ಯಾರೂ ಹಾಕ್ಲಿಲ್ಲ. ಟ್ಯಾಕ್ಸಿ ಹೊರಟೇಬಿಟ್ಟಿತ್ತು... ಹಿಂದಿನ ಸೀಟಲ್ಲಿ ಟೈಲರ್, ಪಕ್ಕ ಮಗಳು. ಅಡ್ಡ ನುಗ್ಗಿ ಬಾನೆಟ್ ಮೇಲೆ ಎರಡೂ ಕೈ ಬಡಿದೆ.

"ಸಾಯ್ಬೇಕಾ ನಿಂಗೆ?" ಡ್ರೈವರ್ ಅರಚಿದ.

"ನಾನಲ್ಲ. ನಿನ್ನ ಹಿಂದೆ ಕೂತಿರೋರು!"

ಟೈಲರ್ ನಕ್ಕರು. "ನಂಗೇನಮ್ಮಾ ಆಗಿದೆ? ಕಾಲಲ್ಲಿ ಸ್ವಲ್ಪ ಶಕ್ತಿ ಇಲ್ಲ, ಅಷ್ಟೇ..."

ಬಾಗಿಲು ತೆಗೆದು ಕಾಲೂರಿದರು. ಕುಸಿದರು.

"ಅಪ್ಪಾ!"

ನರ್ಸಕ್ಕ ವೀಲ್‌ಚೇರ್ ತಳ್ಕೊಂಡು ಬಂದ್ರು. ಎತ್ತಿ ಕೂರಿಸಿ ಎಮರ್ಜೆನ್ಸಿಗೆ ನುಗ್ಗಿದ್ವಿ.

ಒಂದು ಗಂಟೆ. ಆ ಮಗಳು ನನ್ನ ಕೈ ಬಿಡ್ಲಿಲ್ಲ.

ಕೊನೆಗೆ ಹಿರಿಯ ಡಾಕ್ಟರ್ ಹೊರಗೆ ಬಂದ್ರು. "ಇನ್ನೊಂದು ಹತ್ತು ನಿಮಿಷ ಆಗಿದ್ರೆ... ಬಿಡಿ. ಬದುಕ್ತಾರೆ."

ಆಮೇಲೆ ನನ್ನತ್ತ ತಿರುಗಿದರು. "ಆ ರಿಪೋರ್ಟ್ ನನ್ನ ಕಣ್ಣಿಗೆ ಯಾಕೆ ಬೀಳ್ಲಿಲ್ಲ?"

"ಬನ್ನಿ, ತೋರಿಸ್ತೀನಿ."

ನನ್ನ ಕುರ್ಚಿಯಲ್ಲಿ ಸೂಟು ಕೂತಿತ್ತು. "ಹೊರಡು. ನಿನ್ನ ಕೆಲಸ ಮುಗೀತು."

"ತಾನಾಗೇ ಮುಗಿಯೋ ಕೆಲಸ ಅಲ್ಲ ಸರ್, ನಂದು."

ಡಾಕ್ಟರ್ ಬಾಗಿಲಲ್ಲೇ ನಿಂತಿದ್ದರು. "ಏಳ್ರೀ. ಆಕೆ ಕೂರಲಿ."

ಎದ್ದ!

ಆ ರೂಲ್ ಅಳಿಸಿದೆ. ಮುಚ್ಚಿಹೋಗಿದ್ದ ಟಾಸ್ಕ್‌ಗಳೆಲ್ಲ ಎದ್ದು ಕೂತವು. ಮುನ್ನೂರ ಹನ್ನೆರಡು! ಸ್ಕ್ರೀನ್ ಪೂರ್ತಿ ಕೆಂಪು. ನರ್ಸಕ್ಕ ಆಗಲೇ ಪಟ್ಟಿ ಹಿಡಿದು ವಾರ್ಡುಗಳತ್ತ ಓಡಿದ್ರು. ಡಾಕ್ಟರೂ ನೋಡ್ಲಿಲ್ಲ, ನರ್ಸೂ ನೋಡ್ಲಿಲ್ಲ ಅಂದ್ರೆ ಟಾಸ್ಕ್ ಯಾರಿಗೆ ಹೋಗಬೇಕು? ಆ ಜಾಗ ಖಾಲಿ ಇತ್ತು. ಸೂಟಿನವನ ಮೊಬೈಲ್ ನಂಬರ್ ಹಾಕಿದೆ.

ಅವನ ಜೇಬು ಬಡ್ಕೊಳ್ಳೋಕೆ ಶುರುವಾಯ್ತು. ನಿಲ್ಲಲೇ ಇಲ್ಲ...

"ಇದನ್ನ ಆಫ್ ಮಾಡೋದು ಹೇಗೆ?"

"ರೋಗಿಯನ್ನ ಯಾರಾದ್ರೂ ನೋಡಿದ್ರೆ ಆಫ್ ಆಗುತ್ತೆ ಸರ್. ಬೇರೆ ಬಟನ್ ನಾನು ಇಟ್ಟಿಲ್ಲ."