ಹೆಪ್ಪುಗಟ್ಟದ ರಕ್ತ

"ನಿಮ್ಮ ಸ್ಯಾಂಪಲ್ ಹೆಪ್ಪುಗಟ್ಟಿದೆ, ಇನ್ನೊಮ್ಮೆ ರಕ್ತ ಕೊಡಬೇಕು" ಎಂದು ನಾನು ಅವನಿಗೆ ಫೋನ್ ಮಾಡಿದ್ದು ಎರಡು ಸಲ. ಎರಡೂ ಸಲ ಶುದ್ಧ ಸುಳ್ಳು. ಅವನ ರಕ್ತ ಫ್ರಿಜ್ಜಿನಲ್ಲಿ ಚೆನ್ನಾಗಿಯೇ ಇತ್ತು. ಅವನನ್ನು ನೋಡದೆ ಇರಲಾಗುತ್ತಿರಲಿಲ್ಲ, ಅಷ್ಟೇ.

ಒಂದೇ ಮನೆಯಲ್ಲಿ, ಒಂದೇ ಫ್ಲೂ ವೈರಸ್ಸಿಗೆ, ಒಬ್ಬರು ನಾಲ್ಕು ಸೀನು ಸೀನಿ ಎದ್ದು ಓಡಾಡಿದರೆ ಇನ್ನೊಬ್ಬರು ಐಸಿಯು ಸೇರುವುದೇಕೆ? ಇದನ್ನು ಜೀನ್‌ಗಳಲ್ಲಿ ಹುಡುಕುವುದು ನಮ್ಮ ಲ್ಯಾಬಿನ ಕೆಲಸ. ಅವನು ಸೀನಿ ಎದ್ದವನು. ಐಸಿಯುನಿಂದ ಹಿಂತಿರುಗದವನು ಅವನ ಅಣ್ಣ.

ಹಿಂದಿನ ಎರಡು ಸಲ ಸೂಜಿ ಚುಚ್ಚುವಾಗಲೂ ನನ್ನನ್ನೇ ನೋಡಿ ತುಟಿಯ ತುದಿಯಲ್ಲಿ ನಗುತ್ತಿದ್ದ. ಈ ಮೂರನೆಯ ಸಲ ಶರ್ಟಿನ ತೋಳು ಮಡಚಿ ಕುಳಿತವನು ಕಣ್ಣೆತ್ತಲಿಲ್ಲ.

"ನಿಜ ಹೇಳಿ. ನನ್ನಲ್ಲೂ ಏನೋ ದೋಷ ಸಿಕ್ಕಿದೆ ಅಲ್ವಾ? ಅದಕ್ಕೇ ಪದೇ ಪದೇ ಕರೀತಿದೀರಾ."

"ಯಾಕೆ ಹಾಗಂದ್ಕೊಂಡ್ರಿ?"

"ನೀವು ಮತ್ತೆ ರಕ್ತ ಕೇಳಿದಾಗಿಂದ, ಒಂದು ತಿಂಗಳಾಯ್ತು, ಮಹಡಿ ರೂಮಲ್ಲೇ ಇದೀನಿ. ಊಟಾನೂ ಅಲ್ಲೇ. ಅಣ್ಣನಿಗೆ ಕಾಯಿಲೆ ತಂದೋನು ನಾನು, ಅಮ್ಮನಿಗೂ ತರಬಾರದಲ್ಲ. ಅವರು ಬಾಗಿಲಾಚೆ ತಟ್ಟೆ ಇಟ್ಟು, ನಾನು ಉಂಡು ಮುಗಿಸೋವರೆಗೂ ಮೆಟ್ಟಿಲ ಮೇಲೆ ಕೂತಿರ್ತಾರೆ."

ಸಿರಿಂಜನ್ನು ಟ್ರೇಯಲ್ಲಿಟ್ಟೆ. ನನಗೆ ಚೆಲ್ಲಾಟ, ಆ ತಾಯಿಗೆ ಪ್ರಾಣಸಂಕಟ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ರಕ್ತ ಹೆಪ್ಪುಗಟ್ಟಿರ್ಲಿಲ್ಲ. ನಿಮ್ಮನ್ನ ನೋಡ್ಬೇಕು ಅನ್ನಿಸ್ತು, ಸುಳ್ಳು ಹೇಳ್ದೆ. ನಿಮ್ಮನ್ನ ಇಷ್ಟಪಟ್ಟಿದ್ದು ಮಾತ್ರ ಸುಳ್ಳಲ್ಲ. ತಪ್ಪಾಯ್ತು."

ಅವನ ದವಡೆ ಬಿಗಿಯಿತು. ಮಡಚಿದ್ದ ತೋಳನ್ನು ಕೆಳಗಿಳಿಸುತ್ತಾ ಕೇಳಿದ, "ರಿಪೋರ್ಟ್?"

"ಇವತ್ತು ಬಂದಿದೆ. ವಿವರ ಡಾಕ್ಟರ್ ಹೇಳ್ತಾರೆ. ವೈರಸ್ ಬಂದಾಗ ಮೈಯನ್ನ ಎಚ್ಚರಿಸೋ ಒಂದು ಜೀನ್ ಇದೆ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು. ನಿಮ್ಮಣ್ಣನಿಗೆ ಎರಡೂ ಕೆಟ್ಟಿದ್ವು. ನಿಮಗೆ ಒಂದು ಸರಿಯಾಗಿದೆ. ನಿಮ್ಮಮ್ಮನ ರಕ್ತಾನೂ ನೋಡಿದ್ವಿ, ಅವರಿಗೂ ಒಂದು ಸರಿಯಾಗಿದೆ. ಒಂದಿದ್ರೆ ಸಾಕು."

"ಆದ್ರೂ ತಂದೋನು ನಾನೇ ತಾನೆ?"

"ಇರಬಹುದು. ನಿಮ್ಮಣ್ಣ ಹತ್ತಿದ ಬಸ್ಸಿಂದಲೂ ಬಂದಿರಬಹುದು. ನೀವೇ ತಂದಿದ್ರೂ, ತಂದಿದ್ದು ನೆಗಡಿ. ಸಾವನ್ನಲ್ಲ."

ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಅವನ ತಲೆ ಸವರಬೇಕೆನ್ನಿಸಿತು, ಆದರೆ ಆ ಹಕ್ಕನ್ನು ನಾನೇ ಕಳೆದುಕೊಂಡಿದ್ದೆ. ಕೈಗೆ ಸಿಕ್ಕ ಹತ್ತಿಯ ಉಂಡೆ ಕೊಟ್ಟೆ. ಅದರಲ್ಲೇ ಕಣ್ಣೊರೆಸಿಕೊಂಡು ಫೋನ್ ತೆಗೆದ.

"ಅಮ್ಮಾ, ಇವತ್ತು ಕೆಳಗೇ ಬಂದು ನಿನ್ನ ಜೊತೆ ಊಟ ಮಾಡ್ತೀನಿ. ಹ್ಞೂಂ, ಚೆನ್ನಾಗಿದೀನಿ, ಅಳಬೇಡ." ಫೋನ್ ಕಿವಿಯಲ್ಲಿಟ್ಟುಕೊಂಡೇ ನನ್ನನ್ನು ನೋಡಿದ. ಕೋಪ ಇನ್ನೂ ಆರಿರಲಿಲ್ಲ. "ಇನ್ನೊಂದು ವಿಷಯ ಅಮ್ಮಾ. ನಿನಗೆ ಒಬ್ಬರನ್ನ ತೋರಿಸ್ಬೇಕು. ಇವತ್ತೇ ಬೇಡ. ಮೊದಲು ನನ್ನ ಸಿಟ್ಟು ಇಳೀಲಿ, ಕರ್ಕೊಂಡು ಬರ್ತೀನಿ."