ಕಿಟಕಿ ಪಕ್ಕದ ಪಂಜರದ ಇಲಿ

ಬೆಳಿಗ್ಗೆ ಎಣಿಸಿದಾಗ ಒಂದು ಇಲಿ ಕಮ್ಮಿ ಇತ್ತು. ಕಾಯಿಲೆ ಇಲ್ಲದ, ಗಟ್ಟಿಮುಟ್ಟಾದ ಬಿಳಿ ಇಲಿಗಳ ಪಂಜರ. ಮುಚ್ಚಳ ಭದ್ರವಾಗಿಯೇ ಇತ್ತು.

"ಇಲಿ ಕಳುವಾಯ್ತು ಅಂತ ಪೊಲೀಸರನ್ನ ಕರೆಸಿದೀರಲ್ರೀ!" ಇನ್‌ಸ್ಪೆಕ್ಟರ್ ಹಣೆ ಚಚ್ಚಿಕೊಂಡರು.

"ಔಷಧಿ ಪರೀಕ್ಷೆ ನಡೀತಿದೆ ಸರ್. ಒಂದು ಇಲಿ ಅದಲುಬದಲಾದ್ರೂ ಎಲ್ಲಾ ನೀರುಪಾಲು," ಎಂದರು ಪ್ರಯೋಗಾಲಯದ ನಿರ್ದೇಶಕರು.

ಅನುಮಾನ ಮೊದಲು ಬಿದ್ದದ್ದು ಪಂಜರ ತೊಳೆಯುವ ಗುಂಡಣ್ಣನ ಮೇಲೆ. ಬಡಪಾಯಿ ಅತ್ತೇಬಿಟ್ಟ. ತಪ್ಪು ಮಾಡದವನೇ ಮೊದಲು ಅಳುವುದು ಎಲ್ಲ ಕಡೆಯೂ ಇದ್ದದ್ದೇ.

"ನನ್ನ ಕೈಗೆ ಕೀಲಿ ಕೊಡಲ್ಲ ಸ್ವಾಮಿ. ಪಂಜರದ ಬೀಗ ತೆಗೆಯೋದು ಡಾಕ್ಟ್ರಮ್ಮ ಒಬ್ರೇ."

*

ಔಷಧಿ ಪರೀಕ್ಷೆ ನಡೆಸುತ್ತಿದ್ದ ಡಾಕ್ಟರಮ್ಮ ಪರದೆಯ ಮುಂದೆ ಕೂತಿದ್ದರು. ಕಾಯಿಲೆ ಇಲಿಗಳ ಪಂಜರದ ಮೇಲೆಲ್ಲ ಕ್ಯಾಮೆರಾ. ಇಲಿ ನಡೆದ ದಾರಿ ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಕಾಲಿನ ಬಲ ತಿನ್ನುವ ಕಾಯಿಲೆ ಅದು. ಹೆಚ್ಚಿದಂತೆ ಗೆರೆ ಕುಗ್ಗುತ್ತದೆ.

"ಕಿಟಕಿ ಪಕ್ಕದ್ದು ನೋಡಿ. ನಿನ್ನೆವರೆಗೂ ಮೂಲೆಯಿಂದ ನೀರಿನ ನಳಿಕೆವರೆಗೆ ತೆವಳಿದ್ರೆ ಹೆಚ್ಚು. ಇವತ್ತು ಪಂಜರ ತುಂಬಾ ಓಡಾಡಿದೆ. ಔಷಧಿ ನಾಟಿದೆ ಸರ್!"

ಮಾತಿನಲ್ಲಿ ಸಂತೋಷವಿತ್ತು. ಮುಖದಲ್ಲಿ ಇರಲಿಲ್ಲ.

ಇನ್‌ಸ್ಪೆಕ್ಟರ್ ಎರಡೂ ದಿನದ ಗೆರೆಗಳನ್ನು ಪಕ್ಕಪಕ್ಕ ಹಾಕಿಸಿ ನೋಡಿದರು.

"ಮೇಡಂ, ನಿನ್ನೆಯ ಇಲಿಗೆ ನೀರು ಎಲ್ಲಿದೆ ಅಂತ ಗೊತ್ತಿತ್ತು. ನೆಟ್ಟಗೆ ಅಲ್ಲಿಗೇ ಹೋಗಿದೆ. ಇವತ್ತಿನದು ಗೋಡೆ ಸವರಿಕೊಂಡು ಸುತ್ತು ಹೊಡೆದು, ಹುಡುಕಿ ಹುಡುಕಿ ನೀರು ಕಂಡುಕೊಂಡಿದೆ. ಇದು ಹುಷಾರಾದ ಇಲಿ ಅಲ್ಲ, ಹೊಸದಾಗಿ ಬಂದಿರೋದು; ಆ ಪಂಜರದಿಂದ ಕಾಣೆಯಾದದ್ದೇ. ಕೀಲಿ ನೋಡಿದ್ರೆ ನಿಮ್ಮ ಹತ್ರ ಮಾತ್ರ."

ಆಕೆ ಮೇಜಿನ ಖಾನೆ ಎಳೆದರು. ರಟ್ಟಿನ ಡಬ್ಬಿಯಲ್ಲಿ, ಹತ್ತಿಯ ಮೇಲೆ, ಹಳೆಯ ಇಲಿ ಸತ್ತು ಮಲಗಿತ್ತು.

"ಈ ಔಷಧಿ ಕೊಟ್ಟ ಇಲಿಗಳಲ್ಲಿ ಉಳಿದಿದ್ದು ಇದೊಂದೇ. ಇದೂ ಹೋಯ್ತು ಅಂದ್ರೆ ಇವತ್ತೇ ಔಷಧಿ ನಿಲ್ಲಿಸ್ತಾರೆ. ನನ್ನ ಮಗನಿಗೂ ಇದೇ ಕಾಯಿಲೆ ಸರ್. ಬೇರೆ ದಾರಿ ಇಲ್ಲ ಅಂತ ಅವನಿಗೂ ಇದೇ ಔಷಧಿ ಕೊಡ್ತಿದೀವಿ."

"ಅವನಿಗೆ ಗುಣ ಕಾಣ್ತಿದೆಯಾ?"

ಆಕೆ ಇಲ್ಲವೆಂದು ತಲೆಯಾಡಿಸಿದರು. "ಮೊದಲು ಬಾಗಿಲವರೆಗೂ ಬಂದು ನನ್ನ ಬ್ಯಾಗ್ ಇಸ್ಕೊಳ್ತಿದ್ದ. ಈಗ ಮಂಚ ಬಿಟ್ಟು ಏಳಲ್ಲ. ಆದ್ರೂ ದಿನಾ ಕೇಳ್ತಾನೆ, ಅಮ್ಮಾ, ನನ್ನ ಇಲಿ ಇವತ್ತು ಎಷ್ಟು ದೂರ ನಡೀತು ಅಂತ. ಸತ್ತೋಯ್ತು ಅನ್ನೋಕೆ ನನಗೆ ಬಾಯಿ ಬರಲಿಲ್ಲ."

ಫೋನ್ ಬಡಿದುಕೊಂಡಿತು. ಮನೆಯಿಂದ. ಆಕೆ ಇನ್‌ಸ್ಪೆಕ್ಟರ್ ಮುಖ ನೋಡಿದರು. ಕಳ್ಳರನ್ನು ಹಿಡಿದು ಹಿಡಿದು ಕಲ್ಲಾಗಿದ್ದ ಮನುಷ್ಯ ಕಣ್ಣು ತಪ್ಪಿಸಿದರು.

"ಹೇಳು ಕಂದಾ." ಆಕೆ ಕೇಳಿಸಿಕೊಂಡರು. "ಇಲ್ಲ ಪುಟ್ಟಾ, ಇವತ್ತು ನಡೀಲಿಲ್ಲ."

ಇನ್‌ಸ್ಪೆಕ್ಟರ್ ಟೋಪಿ ಎತ್ತಿಕೊಂಡು ಬಾಗಿಲು ತೆರೆದರು.

"ಜೀಪ್ ಇದೆ ಬನ್ನಿ ಮೇಡಂ. ಮೊದಲು ನಿಮ್ಮ ಮನೆಗೆ ಹೋಗೋಣ."